ಚಿಗರಿ ತಾನಾಗಿ ಬರಲಿ

ಮನೆಗೆ ಯಾರೇ ಬಂದರೂ ಬಾಗಿಲಲ್ಲೇ ಒಂದು ಮಾತು ಹೇಳುತ್ತೇನೆ. "ಅವಳನ್ನ ಕರೀಬೇಡಿ, ಮುಟ್ಟೋಕೂ ಹೋಗಬೇಡಿ. ಸುಮ್ನೆ ಕೂತ್ಕೊಳ್ಳಿ." ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಾಯಿ ಅಂದಮೇಲೆ ಮೈಮೇಲೆ ಹಾರಬೇಕು, ಕೈ ನೆಕ್ಕಬೇಕು ಅಂತ ಎಲ್ಲರ ಲೆಕ್ಕ. ನಮ್ಮ ಮುಧೋಳ ನಾಯಿ ಚಿಗರಿ ಅದ್ಯಾವುದನ್ನೂ ಮಾಡುವುದಿಲ್ಲ. ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತು ನೋಡುತ್ತಾಳೆ. ಗೋಧಿ ಬಣ್ಣದ ಮೈ, ಉದ್ದ ಮೂತಿ, ಹಿಂದಕ್ಕೆ ಮಡಿಚಿದ ಕಿವಿ. ಬೊಗಳುವುದಿಲ್ಲ, ಓಡಿಹೋಗುವುದೂ ಇಲ್ಲ. ಅರ್ಧ ಗಂಟೆ ಆದಮೇಲೆ, ಎಲ್ಲರೂ ಚಹಾ ಕುಡಿದು ಬೇರೆ ಮಾತಿನಲ್ಲಿ ಮುಳುಗಿರುವಾಗ, ಸದ್ದಿಲ್ಲದೆ ಬಂದು ಒಬ್ಬರ ಮೊಣಕೈ ಮೂಸಿ ಹೋಗುತ್ತಾಳೆ. ಅಷ್ಟೇ. ಅವತ್ತಿನ ಪರಿಚಯ ಅಲ್ಲಿಗೆ ಮುಗಿಯಿತು.

"ಇದೆಂಥಾ ನಾಯಿನವ್ವಾ, ಮಂದಿ ಕಂಡ್ರ ದೂರ ಸರೀತದಲ್ಲ" ಅಂತ ಎದುರು ಮನೆಯ ಕಾಕಾ ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಹಿಂದೆ ಲ್ಯಾಬ್ರಡಾರ್ ಇತ್ತು. ಬಂದ ಕಳ್ಳನಿಗೂ ಬಾಲ ಅಲ್ಲಾಡಿಸುವಷ್ಟು ಪ್ರೀತಿಯ ನಾಯಿ. ಅದನ್ನು ಸಾಕಿದವರಿಗೆ ಮುಧೋಳ ನಾಯಿ ಸೊಕ್ಕಿನದು ಅನ್ನಿಸಿದರೆ ತಪ್ಪಲ್ಲ. ನನಗೂ ಶುರುವಿನಲ್ಲಿ ಹಾಗೇ ಅನ್ನಿಸಿತ್ತು. ನಾಲ್ಕು ವರ್ಷ ಜೊತೆಗಿದ್ದ ಮೇಲೆ ಈಗ ಬೇರೆ ಥರ ಕಾಣುತ್ತದೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ, ಯಾಕೆಂದರೆ ಈಚೆಗೆ ಇಂಥ ಮರಿ ಬೇಕು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಏನು ಊಟ ಹಾಕ್ತೀರಿ?" ಎರಡನೆಯದು, "ಎಷ್ಟು ಕೊಟ್ಟಿರಿ?" ಅದರ ಸ್ವಭಾವ ಹೇಗೆ ಅಂತ ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

ನಾವು ಧಾರವಾಡದಲ್ಲಿದ್ದೇವೆ. ನನ್ನ ತವರು ಹಾಸನದ ಕಡೆ, ಇಲ್ಲಿಗೆ ಬಂದದ್ದು ಮದುವೆಯಾಗಿ. 2021ರ ಜನವರಿಯಲ್ಲಿ ಸವದತ್ತಿ, ಯರಗಟ್ಟಿ ದಾಟಿ ಲೋಕಾಪುರದ ಕಡೆ ಒಬ್ಬ ರೈತರ ಮನೆಗೆ ಹೋದೆವು. ನಮ್ಮ ಮನೆಯವರ ಗೆಳೆಯರೊಬ್ಬರು ಹೇಳಿ ಇಟ್ಟಿದ್ದರು. ದಾರಿಯ ಎರಡೂ ಕಡೆ ಕಬ್ಬು, ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್, ಎಲ್ಲದರಲ್ಲೂ ಕಬ್ಬಿನ ಹೇರು. ಮುಧೋಳ ಅಂದರೆ ನನಗೆ ಶಾಲೆಯಲ್ಲಿ ಓದಿದ ರನ್ನನ ಊರು, ಅಷ್ಟೇ ಗೊತ್ತಿತ್ತು. ಘಟಪ್ರಭೆಯ ನೀರು ಬಂದು ಕಬ್ಬಿನ ನಾಡಾಗಿರುವ ಈ ಜಾಗ ಬಯಲಿನ ಬೇಟೆ ನಾಯಿಯ ಊರು ಅಂತ ನಂಬುವುದೇ ಕಷ್ಟವಾಯಿತು. ಕಬ್ಬಿನ ಗದ್ದೆಯಲ್ಲಿ ಈ ನಾಯಿ ಓಡಲಾರದು. ಇದಕ್ಕೆ ಬೇಕಾದ್ದು ಕಣ್ಣು ಹಾಯುವಷ್ಟು ದೂರ ತೆರೆದ ನೆಲ.

ಅಂಗಳದಲ್ಲಿ ಐದು ಮರಿಗಳಿದ್ದವು. ಎರಡು ತಿಂಗಳು ತುಂಬಿತ್ತು. ನಾನು ಚಂದದ್ದೊಂದನ್ನು ಎತ್ತಿಕೊಳ್ಳಲು ಬಗ್ಗಿದೆ. ರೈತರು ತಡೆದರು.

"ಮರಿ ನೀವು ಆರಿಸಬ್ಯಾಡ್ರಿ ಅಕ್ಕಾರ. ಇಲ್ಲೇ ಕಟ್ಟಿ ಮ್ಯಾಲೆ ಕುಂದರ್ರಿ. ಯಾವುದು ತಾನ ಬರ್ತದ, ಅದನ್ನ ಒಯ್ರಿ."

ಕೂತೆವು. ಚಹಾ ಬಂತು, ಶೇಂಗಾ ಬಂತು. ಮರಿಗಳು ತಾಯಿಯ ಸುತ್ತ ಕಚ್ಚಾಡಿದವು, ಮಲಗಿದವು, ಮತ್ತೆ ಎದ್ದವು. ತಾಯಿ ನಾಯಿ ಮಾತ್ರ ನಮ್ಮಿಂದ ಕಣ್ಣು ತೆಗೆಯಲಿಲ್ಲ. ಒಂದು ಗಂಟೆಯ ಮೇಲಾಯಿತು. ಆಗ ಒಂದು ಹೆಣ್ಣು ಮರಿ ಓರೆಯಾಗಿ ನಡೆದು ಬಂದು ನನ್ನ ಚಪ್ಪಲಿ ಮೂಸಿತು. ಮೂಸಿ ಓಡಿತು. ಮತ್ತೆ ಬಂತು. ನನ್ನ ಕೈ ತಾನಾಗಿ ಮುಂದೆ ಹೋಯಿತು. "ಇನ್ನೂ ಮುಟ್ಟಬ್ಯಾಡ್ರಿ" ಅಂದರು ಆತ, ಪಿಸುದನಿಯಲ್ಲಿ. ಮೂರನೆಯ ಸಲ ಬಂದಾಗ ಅದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. "ಈಗ ಒಯ್ರಿ."

ಹೊರಡುವಾಗ ಆತ ಹೇಳಿದ ಮಾತುಗಳು ಮೂರೇ. "ಬಡೀಬ್ಯಾಡ್ರಿ, ಒಮ್ಮೆ ಬಡದ್ರ ಅದರ ಮನಸ್ಸು ಮುರೀತದ. ಮೂರೂ ಹೊತ್ತು ಕಟ್ಟಿ ಹಾಕಬ್ಯಾಡ್ರಿ. ದಿನಾ ಓಡಸ್ರಿ." ಆಮೇಲೆ ನಾನು ಈ ತಳಿಯ ಬಗ್ಗೆ ಎಷ್ಟೆಷ್ಟೋ ಓದಿದೆ, ಪಶುವೈದ್ಯರ ಹತ್ತಿರ ಕೇಳಿದೆ. ತಿರುಗಿ ನೋಡಿದರೆ ಅದೆಲ್ಲ ಈ ಮೂರು ಮಾತಿನ ವಿವರಣೆಯೇ.

ಹೆಸರು ಇಟ್ಟವರು ನಮ್ಮ ಮನೆಯವರು. ಈ ಕಡೆ ಜಿಂಕೆಗೆ ಚಿಗರಿ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ರೈತರಿಗೆ ಫೋನ್ ಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಗರಿ ಹಿಡಿಯೋ ನಾಯಿಗೆ ಚಿಗರಿ ಅಂತ ಇಟ್ಟೀರಿ? ಇರಲಿ ಬಿಡ್ರಿ, ಓಡೂದ್ರಾಗ ಎರಡೂ ಒಂದ" ಅಂದರು.

ಹಳೆಯ ಕಥೆ ಸ್ವಲ್ಪ ಹೇಳಬೇಕು. ಮುಧೋಳ ಆಗ ಘೋರ್ಪಡೆ ಮನೆತನದ ಒಂದು ಚಿಕ್ಕ ಸಂಸ್ಥಾನ. ಆ ಭಾಗದ ಬೇಡರು ಮೊದಲಿಂದಲೂ ಇಂಥ ನಾಯಿಗಳನ್ನು ಬೇಟೆಗೆ ಇಟ್ಟುಕೊಂಡಿದ್ದರು. ಪಶ್ಚಿಮ ಏಷ್ಯಾದಿಂದ ಬಂದ ಸಲೂಕಿಯಂಥ ನಾಯಿಗಳ ರಕ್ತ ಇದರಲ್ಲಿದೆ ಅಂತ ಹೇಳುತ್ತಾರೆ. ಸಲೂಕಿಯ ಚಿತ್ರ ನೋಡಿದರೆ ಅದು ಸುಳ್ಳು ಅನ್ನಿಸುವುದಿಲ್ಲ. ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಈ ನಾಯಿಗಳನ್ನು ಮೆಚ್ಚಿ, ಆರಿಸಿ ತಳಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಅಲ್ಲಿಂದ ಮುಧೋಳದ ಹೆಸರೇ ನಾಯಿಗೆ ಅಂಟಿಕೊಂಡಿತು. ಮಹಾರಾಷ್ಟ್ರದ ಕಡೆ ಕಾರವಾನಿ ಅನ್ನುತ್ತಾರೆ. ಕಿವಿ, ಬಾಲದಲ್ಲಿ ಉದ್ದ ಕೂದಲಿದ್ದರೆ ಅದು ಪಶ್ಮಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಇದೂ ಒಂದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಎಲ್ಲರ ಬಾಯಲ್ಲೂ ಮುಧೋಳ.

ಹೆಸರು ಬಂದದ್ದು ಸಂತೋಷವೇ. ನಮ್ಮ ತಳಿ ಉಳಿಯಬೇಕು. ಆದರೆ ಹೆಸರು ಕೇಳಿ ಮರಿ ತಂದವರಿಗೆ ಈ ನಾಯಿಯ ಕಣ್ಣು, ಕಾಲು, ಮನಸ್ಸು ಯಾವುದಕ್ಕಾಗಿ ಆಗಿದೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಕಣ್ಣಿನಿಂದ ಶುರು ಮಾಡುತ್ತೇನೆ. ಬಹಳ ನಾಯಿಗಳು ಮೂಗಿನಿಂದ ಜಗತ್ತನ್ನು ಓದುತ್ತವೆ. ಮುಧೋಳ ಮೊದಲು ಕಣ್ಣಿನಿಂದ ಓದುತ್ತದೆ. ಉದ್ದ ತಲೆಯ ಎರಡೂ ಬದಿಗೆ ಕಣ್ಣು ಇರುವುದರಿಂದ ಪಕ್ಕದಲ್ಲಿ ಏನು ಅಲುಗಿದರೂ ಕಾಣುತ್ತದೆ. ಚಿಗರಿಯ ಜೊತೆ ನಡೆಯುವಾಗ ಒಮ್ಮೊಮ್ಮೆ ಅವಳು ಗಕ್ಕನೆ ನಿಲ್ಲುತ್ತಾಳೆ. ಕಿವಿ ಎದ್ದಿರುತ್ತದೆ, ಒಂದು ಮುಂಗಾಲು ಗಾಳಿಯಲ್ಲೇ ಉಳಿದಿರುತ್ತದೆ. ನಾನು ಎಷ್ಟು ದಿಟ್ಟಿಸಿದರೂ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊಲದ ಆ ತುದಿಯಲ್ಲಿ, ಬದುವಿನ ಮೇಲೆ, ಬೆಕ್ಕೊಂದು ನಡೆದು ಹೋಗುವುದು ಕಾಣಿಸುತ್ತದೆ. ಅವಳಿಗೆ ಅದು ಆಗಲೇ ಗೊತ್ತಿತ್ತು.

ಕಂಡ ಮೇಲೆ ಅಟ್ಟಿಸಿಕೊಂಡು ಹೋಗುವುದು ಈ ನಾಯಿಗೆ ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಅಲುಗಿತು, ಓಡಿದಳು, ಅಷ್ಟೇ. ಆ ಗಳಿಗೆಯಲ್ಲಿ ನನ್ನ ದನಿ ಅವಳ ಕಿವಿಗೆ ಹೋಗುವುದಿಲ್ಲ. ಮನೆಯಲ್ಲಿ ಪಿಸುಗುಟ್ಟಿದರೂ ಬರುವ ನಾಯಿ, ಅಳಿಲು ಕಂಡಾಗ ಕೂಗಿಕೊಂಡರೂ ತಿರುಗಿ ನೋಡುವುದಿಲ್ಲ. ಇದನ್ನು ಮೊಂಡುತನ ಅಂತ ತಿಳಿದು ಶಿಕ್ಷೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ತಲೆಮಾರು ನಾವೇ ಆರಿಸಿ ಆರಿಸಿ ಬೆಳೆಸಿದ ಗುಣ ಅದು. ಮನುಷ್ಯನ ಮಾತಿಗೆ ಕಾಯದೆ, ತಾನೇ ನೋಡಿ, ತಾನೇ ತೀರ್ಮಾನಿಸಿ ಓಡುವ ನಾಯಿಯೇ ಬೇಟೆಗಾರನಿಗೆ ಬೇಕಾಗಿದ್ದದ್ದು.

ಹಾಗಾಗಿ ಬೀದಿಯಲ್ಲಿ ಚಿಗರಿಯ ಹಗ್ಗ ನನ್ನ ಕೈಯಿಂದ ಬಿಡುವುದಿಲ್ಲ. ಎಷ್ಟೇ ಒಳ್ಳೆಯ ತರಬೇತಿ ಇದ್ದರೂ ಬಿಡುವುದಿಲ್ಲ. ಇನ್ನೊಂದು ಸಣ್ಣ ವಿಷಯ. ಇವುಗಳ ಕುತ್ತಿಗೆ ತಲೆಗಿಂತ ಸಪೂರವೇನಲ್ಲ. ಮಾಮೂಲಿ ಕೊರಳಪಟ್ಟಿ ಹಾಕಿದರೆ ಹಿಂದಕ್ಕೆ ಒಂದು ಎಳೆತಕ್ಕೆ ತಲೆಯಿಂದ ಜಾರಿ ಬರುತ್ತದೆ. ಅಗಲವಾದ, ಎಳೆದಾಗ ಸ್ವಲ್ಪ ಬಿಗಿಯಾಗುವ ಪಟ್ಟಿ ಬೇಕು. ಇದು ನನಗೆ ಗೊತ್ತಾದದ್ದು ಚಿಗರಿಗೆ ಒಂಬತ್ತು ತಿಂಗಳಾಗಿದ್ದಾಗ, ಕೆಲಗೇರಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ. ಖಾಲಿ ಪಟ್ಟಿ ನನ್ನ ಕೈಯಲ್ಲಿ, ಅವಳು ಒಂದು ಮೇಕೆ ಮರಿಯ ಹಿಂದೆ. ಮೇಕೆ ಕಾಯುವ ಹುಡುಗ ಕಿರುಚಿದ, ನಾನೂ ಕಿರುಚಿದೆ. ಮೇಕೆ ಮರಿ ಬೇಲಿಯ ಕೆಳಗೆ ನುಸುಳಿ ಬದುಕಿಕೊಂಡಿತು. ಚಿಗರಿ ಆ ಬೇಲಿಯ ಮುಳ್ಳುತಂತಿಗೆ ಮೈಕೊಟ್ಟಳು.

ಹೆಗಲ ಹತ್ತಿರ ಒಂದು ಗೇಣು ಉದ್ದ ಚರ್ಮ ಕಾಗದ ಹರಿದ ಹಾಗೆ ಬಿಚ್ಚಿಕೊಂಡಿತ್ತು. ರಕ್ತ ಅಷ್ಟೇನೂ ಇರಲಿಲ್ಲ. ಒಳಗಿನ ಕೆಂಪು ಸ್ನಾಯು ಹಾಗೇ ಕಾಣುತ್ತಿತ್ತು. ಅವಳು ಕುಂಯ್ ಅಂತಲೂ ಅನ್ನಲಿಲ್ಲ. ನನ್ನ ಹತ್ತಿರ ನಡೆದು ಬಂದು ನಿಂತಳು. ಅವತ್ತು ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ. ದುಪಟ್ಟಾ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಪಶುವೈದ್ಯರ ಹತ್ತಿರ ಹೋದೆವು.

ಅಲ್ಲಿ ಕಲಿತದ್ದು ಬಹಳ. ವೈದ್ಯರು ಹೊಲಿಗೆ ಹಾಕುವ ಮೊದಲು ಅವಳ ಬೆನ್ನಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ತೆಳು ಹತ್ತಿ ಬಟ್ಟೆಯ ಹಾಗಿತ್ತು. "ಇದರ ಅಡಿಯಲ್ಲಿ ಕೊಬ್ಬೇ ಇಲ್ಲ ನೋಡಿ ಮೇಡಂ" ಅಂದರು. ಕೊಬ್ಬಿಲ್ಲದ ಮೈಗೆ ಅರಿವಳಿಕೆ ಕೊಡುವುದು ಸೂಕ್ಷ್ಮದ ಕೆಲಸವಂತೆ. ಗ್ರೇಹೌಂಡ್, ಸಲೂಕಿಯಂಥ ಓಟದ ನಾಯಿಗಳಲ್ಲಿ ಕೆಲವು ಹಳೆಯ ಅರಿವಳಿಕೆ ಔಷಧಗಳು, ಮುಖ್ಯವಾಗಿ ಥಯೋಪೆಂಟಾಲ್, ದೇಹದಲ್ಲಿ ಬೇಗ ಕರಗುವುದಿಲ್ಲ. ಬೇರೆ ನಾಯಿ ಎದ್ದು ಓಡಾಡುವ ಹೊತ್ತಿಗೆ ಇವು ಇನ್ನೂ ಮಂಪರಿನಲ್ಲೇ ಇರುತ್ತವೆ. ಮೈ ಬೇಗ ತಣ್ಣಗಾಗುತ್ತದೆ ಕೂಡ. ಹಾಗಾಗಿ ಅವರು ಬೇರೆ ಔಷಧ ಕೊಟ್ಟರು, ಸುತ್ತ ಬಿಸಿನೀರಿನ ಬಾಟಲಿ ಇಡಿಸಿದರು. ಹದಿನಾಲ್ಕು ಹೊಲಿಗೆ. ಮುಧೋಳ ಸಾಕುವವರು ಸಂತಾನಹರಣ ಚಿಕಿತ್ಸೆಗೋ, ಹೊಲಿಗೆಗೋ ಹೋದಾಗ ಇದು ಓಟದ ತಳಿ ಅಂತ ವೈದ್ಯರಿಗೆ ಮೊದಲೇ ನೆನಪಿಸುವುದು ಒಳ್ಳೆಯದು. ರಕ್ತ ಪರೀಕ್ಷೆಯಲ್ಲೂ ಅಷ್ಟೇ. ಇಂಥ ತಳಿಗಳಲ್ಲಿ ಥೈರಾಯ್ಡ್ ಅಂಶ ಬೇರೆ ನಾಯಿಗಳಿಗಿಂತ ಕಡಿಮೆ ಇರುವುದು ಸಹಜ. ಅದೊಂದನ್ನೇ ನೋಡಿ ಮಾತ್ರೆ ಶುರು ಮಾಡುವಂತಿಲ್ಲ.

ಆ ಕೊಬ್ಬಿಲ್ಲದ ಮೈಯೇ ಬೀದಿಯಲ್ಲಿ ನನಗೆ ಮಾತು ಕೇಳಿಸುವುದು. "ಪಾಪ, ಊಟ ಹಾಕಲ್ವಾ?" ಅಂತ ಎಷ್ಟು ಜನ ಕೇಳಿದ್ದಾರೋ. ಕಡೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎಲುಬು ಕಾಣುವುದು ಆರೋಗ್ಯವಾಗಿರುವ ಮುಧೋಳದ ಲಕ್ಷಣ. ಗಂಡು ಸುಮಾರು 68ರಿಂದ 72 ಸೆಂಟಿಮೀಟರ್ ಎತ್ತರ ಬೆಳೆದರೂ ತೂಕ 22ರಿಂದ 28 ಕಿಲೋ ಅಷ್ಟೇ. ಹೆಣ್ಣು ಇನ್ನೂ ಸ್ವಲ್ಪ ಚಿಕ್ಕದು. ಜನರ ಮಾತು ತಾಳಲಾರದೆ ನಾನು ಒಂದೆರಡು ತಿಂಗಳು ತುಪ್ಪ, ಅನ್ನ ಜಾಸ್ತಿ ಹಾಕಿ ಅವಳನ್ನು ದುಂಡಗೆ ಮಾಡಿದೆ. ಓಡುವಾಗ ಏದುಸಿರು ಬಿಡತೊಡಗಿದಳು. ಆ ಸಪೂರ ಕಾಲಿನ ಮೇಲೆ ಒಂದೊಂದು ಕಿಲೋ ಕೂಡ ಭಾರವೇ. ಮತ್ತೆ ಇಳಿಸಿದೆ.

ಊಟದ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಅಂಥ ಗುಟ್ಟೇನಿಲ್ಲ. ಊರ ಕಡೆ ಜೋಳದ ನುಚ್ಚು, ರೊಟ್ಟಿ, ಹಾಲು, ಮೊಟ್ಟೆ ಹಾಕಿಯೇ ಇವನ್ನು ಸಾಕಿದ್ದಾರೆ. ನಾನು ನುಚ್ಚಿನ ಜೊತೆ ಕೋಳಿ ಮಾಂಸ ಅಥವಾ ಮೊಟ್ಟೆ, ಬೇಯಿಸಿದ ಕುಂಬಳಕಾಯಿ ಕೊಡುತ್ತೇನೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಬೇಡ. ಒಂದೇ ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಇವುಗಳದ್ದು ಆಳವಾದ ಎದೆ. ಹೊಟ್ಟೆ ತುಂಬ ತಿಂದು ತಕ್ಷಣ ಓಡಿದರೆ ಹೊಟ್ಟೆ ಉಬ್ಬಿ, ಒಳಗೇ ತಿರುಚಿಕೊಳ್ಳುವ ಅಪಾಯ ಇದೆ. ಹಾಗಾದರೆ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಊಟ, ಓಟಕ್ಕೂ ಊಟಕ್ಕೂ ನಡುವೆ ಗಂಟೆಗಟ್ಟಲೆ ಅಂತರ. ನಮ್ಮ ಮನೆಯಲ್ಲಿ ಈ ನಿಯಮ ಮುರಿದದ್ದಿಲ್ಲ.

ಇನ್ನು ಓಟ. ನನ್ನ ಪ್ರಕಾರ ಮುಧೋಳದ ಬಗ್ಗೆ ಹೇಳಬೇಕಾದ್ದರಲ್ಲಿ ಅರ್ಧ ಇಲ್ಲೇ ಇದೆ.

ಬೇಟೆ ಈಗ ಇಲ್ಲ. ಇರಲೂ ಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚಿಗರಿಯಾಗಲಿ, ಮೊಲವಾಗಲಿ, ನಾಯಿ ಬಿಟ್ಟು ಹಿಡಿಸುವುದು ಅಪರಾಧ. ಅದು ಸರಿಯಾದ ಕಾನೂನು ಅಂತ ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಾನೂನು ನಾಯಿಯ ಕಾಲಿಗೆ ಗೊತ್ತಿಲ್ಲ. ಕೆಲಸ ಹೋಯಿತು, ಕೆಲಸಕ್ಕಾಗಿ ಮಾಡಿದ ಮೈ ಉಳಿಯಿತು. ಆ ಮೈಯನ್ನು ಏನು ಮಾಡುವುದು ಅನ್ನುವುದು ಸಾಕುವವರ ಮೇಲಿರುವ ಪ್ರಶ್ನೆ. ದಿನಾ ಸಂಜೆ ಹಗ್ಗ ಹಿಡಿದು ಇಪ್ಪತ್ತು ನಿಮಿಷ ನಡೆಸಿದರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಪರಿಚಯದವರ ಹೊಲ ಇದೆ. ಎರೆ ಭೂಮಿ, ಸುತ್ತ ಜಾಲರಿ ಬೇಲಿ. ಹಿಂಗಾರಿ ಜೋಳ ಕೊಯ್ದ ಮೇಲೆ ಮಳೆಗಾಲದ ಬಿತ್ತನೆವರೆಗೆ ಅದು ಖಾಲಿ. ಆಗ ಬೆಳಿಗ್ಗೆ ಆರಕ್ಕೆ ನಾವು ಅಲ್ಲಿರುತ್ತೇವೆ. ಉಳಿದ ತಿಂಗಳು ಒಂದು ಕಾಲೇಜಿನ ಮೈದಾನದ ಮೂಲೆ, ಜನ ಬರುವುದರೊಳಗೆ. ನಮ್ಮ ಮನೆಯವರು ಒಂದು ಉದ್ದ ಬಿದಿರು ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೆಯ ಬಟ್ಟೆಯ ಚೂರು ಸಿಕ್ಕಿಸಿದ್ದಾರೆ. ಅದನ್ನು ನೆಲದ ಮೇಲೆ ಸರ್ ಅಂತ ಎಳೆದರೆ ಸಾಕು, ಅವಳ ಪಾಲಿಗೆ ಅದೇ ಮೊಲ. ಮೊದಲು ಹತ್ತು ನಿಮಿಷ ನಡೆಸಿ ಮೈ ಬಿಸಿ ಮಾಡುತ್ತೇವೆ. ನೆಲದಲ್ಲಿ ಗಾಜು, ಕಲ್ಲು, ಜೋಳದ ಕೂಳೆ ಚೂಪಾಗಿ ನಿಂತಿದೆಯಾ ಅಂತ ನೋಡುತ್ತೇವೆ. ಆಮೇಲೆ ಹಗ್ಗ ಬಿಚ್ಚುವುದು.

ಅವಳು ಓಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಮೊದಮೊದಲು ಕಣ್ಣಿಗೆ ಸಿಗುತ್ತಿರಲಿಲ್ಲ. ಮೊಬೈಲಿನಲ್ಲಿ ವೇಗ ತಗ್ಗಿಸಿ ತೆಗೆದ ವಿಡಿಯೊ ನೋಡಿದಾಗ ತಿಳಿಯಿತು. ಹಿಂಗಾಲು ಒದ್ದಾಗ ಇಡೀ ಮೈ ಬಾಣದ ಹಾಗೆ ಚಾಚಿಕೊಳ್ಳುತ್ತದೆ, ನಾಲ್ಕೂ ಕಾಲು ಗಾಳಿಯಲ್ಲಿ. ಮುಂಗಾಲು ನೆಲಕ್ಕೆ ತಾಗಿ ಎದ್ದಾಗ ಬೆನ್ನು ಬಿಲ್ಲಿನ ಹಾಗೆ ಬಾಗಿ, ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬರುತ್ತದೆ, ಮತ್ತೆ ನಾಲ್ಕೂ ಕಾಲು ಗಾಳಿಯಲ್ಲಿ. ಒಂದೇ ಹೆಜ್ಜೆಯ ಸುತ್ತಿನಲ್ಲಿ ಎರಡು ಸಲ ನೆಲ ಬಿಡುತ್ತಾಳೆ. ಬೆಕ್ಕಿನ ಕುಟುಂಬದ ಚೀತಾ ಓಡುವುದೂ ಹೀಗೆಯೇ. ತಿರುವಿನಲ್ಲಿ ಬಾಲ ಚುಕ್ಕಾಣಿಯ ಹಾಗೆ ಆ ಕಡೆ ಈ ಕಡೆ ಬೀಸುತ್ತದೆ. ಎರೆ ಮಣ್ಣಿನ ಹೆಂಟೆ ಹಿಂದೆ ಸಿಡಿಯುತ್ತದೆ. ಅವಳ ಉಸಿರಿನ ಸದ್ದು, ಕಾಲಿನ ದಡದಡ, ಬೇರೇನೂ ಕೇಳಿಸುವುದಿಲ್ಲ. ಎಂಟು ಹತ್ತು ಸುತ್ತು. ಆಮೇಲೆ ನಾಲಿಗೆ ಬಿಟ್ಟು ಬಂದು ನೆರಳಿನಲ್ಲಿ ಬೀಳುತ್ತಾಳೆ. ಬಟ್ಟೆಯ ಚೂರನ್ನು ಕಡೆಯಲ್ಲಿ ಅವಳ ಬಾಯಿಗೆ ಕೊಡಲೇಬೇಕು. ಕೊಡದಿದ್ದ ದಿನ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಾಳೆ.

ಮರಿಗೆ ಒಂದು ವರ್ಷ ಆಗುವವರೆಗೆ ಇಂಥ ಜೋರು ಓಟ ಬೇಡ, ಎಲುಬು ಇನ್ನೂ ಬಲಿಯುತ್ತಿರುತ್ತದೆ. ಟಾರು ರಸ್ತೆಯಲ್ಲಿ ಬೈಕಿನ ಹಿಂದೆ ಓಡಿಸುವವರನ್ನೂ ನೋಡಿದ್ದೇನೆ. ಕಾಲಿನ ಅಡಿ ಸುಟ್ಟು, ಕೀಲು ಸವೆದು, ಕಡೆಗೆ ನಾಯಿಯೇ ಕುಂಟುತ್ತದೆ. ಮಣ್ಣೇ ಬೇಕು. ಬೇಸಿಗೆಯಲ್ಲಿ ಬಿಸಿಲು ಏರುವುದರೊಳಗೆ ಮುಗಿಯಬೇಕು.

ಓಡಿ ಬಂದ ಮೇಲೆ ಮನೆಯಲ್ಲಿ ಅವಳಿರುವುದೇ ಗೊತ್ತಾಗುವುದಿಲ್ಲ. ದಿನದ ಬಹುಪಾಲು ನಿದ್ದೆ. ಬೇಟೆ ನಾಯಿ ಅಂದರೆ ಇಡೀ ದಿನ ಕುಣಿಯುತ್ತದೆ ಅಂತ ಹೆದರುವವರಿಗೆ ಇದು ಗೊತ್ತಿರಲಿ. ಓಟ ಸಿಕ್ಕರೆ ಇಷ್ಟು ಶಾಂತವಾದ ನಾಯಿ ಇನ್ನೊಂದಿಲ್ಲ. ಓಟ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನಾನು ನೋಡಿದ್ದೇನೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬೆಂಗಳೂರಿನಲ್ಲಿ ಎಂಟನೇ ಮಹಡಿಯ ಫ್ಲ್ಯಾಟಿಗೆ ಒಂದು ಗಂಡು ಮರಿ ತಂದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ದೇಶಿ ತಳಿ ಸಾಕಬೇಕು ಅನ್ನುವ ಆಸೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುವುದು. ನಾಯಿ ಬಾಲ್ಕನಿಯ ಕಂಬಿಯ ಹಿಂದೆ ನಿಂತು ಕೆಳಗಿನ ಪಾರಿವಾಳ, ಬೆಕ್ಕು, ಸೈಕಲ್ಲು ನೋಡುತ್ತಿತ್ತು. ನಾನು ಒಮ್ಮೆ ಹೋದಾಗ ಅದು ಒಂದೇ ಗೆರೆಯಲ್ಲಿ, ಗೋಡೆಯಿಂದ ಗೋಡೆಗೆ, ಓಡಾಡುತ್ತಿತ್ತು. ಟೈಲ್ಸ್ ಮೇಲೆ ಉಗುರಿನ ಸದ್ದು. ಬಾಲದ ತುದಿ ಗೋಡೆಗೆ ಬಡಿದು ಬಡಿದು ರಕ್ತದ ಚುಕ್ಕೆ ಸಾಲಾಗಿ ಬಿದ್ದಿತ್ತು. ಎಂಟು ತಿಂಗಳಿಗೆ ಅವರು ಅಳುತ್ತಾ ಅದನ್ನು ಊರಿನವರೊಬ್ಬರಿಗೆ ಕೊಟ್ಟರು. ಹೊಸ ಮನೆಯಲ್ಲಿ ಅದು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಇವು ಹಚ್ಚಿಕೊಳ್ಳುವುದು ತಡ, ಹಚ್ಚಿಕೊಂಡ ಮೇಲೆ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ.

ಫ್ಲ್ಯಾಟಿನಲ್ಲಿ ಸಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಹತ್ತಿರದಲ್ಲಿ ಬೇಲಿ ಇರುವ ಮಣ್ಣಿನ ನೆಲ ಇದ್ದು, ದಿನಾ ಬೆಳಿಗ್ಗೆ ಎದ್ದು ಕರೆದುಕೊಂಡು ಹೋಗುವ ಒಬ್ಬರು ಮನೆಯಲ್ಲಿದ್ದರೆ ಆಗುತ್ತದೆ. ಆ ಒಬ್ಬರು ಯಾರು ಅಂತ ಮರಿ ತರುವ ಮೊದಲೇ ತೀರ್ಮಾನ ಆಗಿರಬೇಕು. "ಮಕ್ಕಳು ನೋಡ್ಕೋತಾರೆ" ಅಂದವರ ಮನೆಯಲ್ಲಿ ಯಾರೂ ನೋಡಿಕೊಳ್ಳದೇ ಇರುವುದನ್ನು ಕಂಡಿದ್ದೇನೆ.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ರೈತರು ಹೇಳಿದ್ದರಲ್ಲ, ಬಡಿದರೆ ಮನಸ್ಸು ಮುರಿಯುತ್ತದೆ ಅಂತ. ನಾನು ಬಡಿಯಲಿಲ್ಲ, ಬೈದೆ. ಚಿಗರಿಗೆ ಆರು ತಿಂಗಳು. ಹೊಸ ಚಪ್ಪಲಿ ಕಚ್ಚಿ ಹಾಕಿದ್ದಳು. ಅವತ್ತು ಆಫೀಸಿನಲ್ಲೂ ತಲೆ ಕೆಟ್ಟಿತ್ತು. ಚಪ್ಪಲಿಯನ್ನು ಅವಳ ಮುಂದೆ ನೆಲಕ್ಕೆ ಕುಕ್ಕಿ ಜೋರಾಗಿ ಕೂಗಿದೆ. ಅವಳು ಮೈ ಕುಗ್ಗಿಸಿಕೊಂಡು ಮಂಚದ ಕೆಳಗೆ ಹೋದಳು. ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನ ನಾನು ಕೋಣೆಗೆ ಬಂದರೆ ಅವಳು ಇನ್ನೊಂದು ಬಾಗಿಲಿಂದ ಹೊರಗೆ. ಹನ್ನೊಂದು ದಿನ ಹೀಗೇ ನಡೆಯಿತು. ನಮ್ಮ ಮನೆಯವರ ಹತ್ತಿರ ಮಲಗುತ್ತಿದ್ದಳು, ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡನೆಯ ದಿನ ನಾನು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಲೋಕಾಪುರದ ಕಟ್ಟೆ ನೆನಪಾಯಿತು. ಕರೆಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅರ್ಧ ಬುಟ್ಟಿ ಸುಲಿದಿದ್ದೆ ಅನ್ನಿಸುತ್ತದೆ, ಹಿಂದಿನಿಂದ ಬಂದು ನನ್ನ ಬೆನ್ನಿಗೆ ಮೈ ಒರಗಿಸಿ ನಿಂತಳು. ಅದಾದ ಮೇಲೆ ನಾನು ಆ ಮನೆಯಲ್ಲಿ ದನಿ ಏರಿಸಿ ಮಾತಾಡಿದ್ದು ಕಡಿಮೆ, ಮನುಷ್ಯರ ಜೊತೆಗೂ. ನಾವು ಇಬ್ಬರೂ ಜಗಳವಾಡಿದರೆ ಈಗಲೂ ಅವಳು ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ.

ಮರಿಯಿದ್ದಾಗಲೇ, ಮೂರರಿಂದ ಹದಿನಾಲ್ಕು ವಾರದ ಒಳಗೆ, ಬೇರೆ ಬೇರೆ ಜನ, ಸದ್ದು, ವಾಹನ, ಮಕ್ಕಳು ಎಲ್ಲವನ್ನೂ ಮೆಲ್ಲಗೆ ತೋರಿಸಿದರೆ ಈ ನಾಚಿಕೆ ಹೆದರಿಕೆಯಾಗಿ ಬೆಳೆಯುವುದಿಲ್ಲ. ನಾವು ಇದನ್ನು ಅರ್ಧಂಬರ್ಧ ಮಾಡಿದೆವು, ಕೋವಿಡ್ ಕಾಲ ಬೇರೆ. ಹಾಗಾಗಿ ದೀಪಾವಳಿ ನಮಗೆ ಈಗಲೂ ಕಷ್ಟ. ಆ ಮೂರು ದಿನ ಒಳಕೋಣೆಯ ಕಿಟಕಿಗೆ ಚಾದರ ಕಟ್ಟಿ, ರೇಡಿಯೊ ಹಾಕಿ, ಯಾರಾದರೂ ಒಬ್ಬರು ಅವಳ ಜೊತೆಗೇ ಇರುತ್ತೇವೆ. ಪುಟ್ಟ ಮಕ್ಕಳಿಗೂ ಹೇಳಿಕೊಡಬೇಕು. ಮಲಗಿದ್ದಾಗ ಮೇಲೆ ಬೀಳಬಾರದು, ತಬ್ಬಿಕೊಳ್ಳಬಾರದು. ತೆಳು ಚರ್ಮದ ನಾಯಿಗೆ ಒರಟು ಮುಟ್ಟುವಿಕೆ ನಿಜಕ್ಕೂ ನೋಯುತ್ತದೆ.

ಉಳಿದ ಆರೈಕೆ ಹೆಚ್ಚೇನಿಲ್ಲ. ಗಿಡ್ಡ ಕೂದಲು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಳೆಯುತ್ತದೆ. ರಕ್ತ ಹೀರುವ ಉಣ್ಣಿ ಮಾತ್ರ ಬಿಡಬಾರದು. ಹೊಲದಿಂದ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ ದಿನಾ ನೋಡುತ್ತೇನೆ. ಉಣ್ಣಿ ಜ್ವರ ನಾಯಿಯನ್ನು ಒಳಗೊಳಗೇ ತಿನ್ನುತ್ತದೆ. ರೇಬಿಸ್ ಚುಚ್ಚುಮದ್ದು ವರ್ಷಕ್ಕೊಮ್ಮೆ, ಮರಿಯಲ್ಲಿ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಜಂತುವಿನ ಔಷಧ. ಊರ ನಾಯಿ, ಗಟ್ಟಿ ನಾಯಿ, ಏನೂ ಆಗಲ್ಲ ಅಂತ ಲಸಿಕೆ ತಪ್ಪಿಸುವುದು ದೊಡ್ಡ ತಪ್ಪು.

ಮಲಗುವ ಜಾಗದ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಬರೀ ಗ್ರಾನೈಟ್ ನೆಲದಲ್ಲಿ ಮಲಗಿ ಚಿಗರಿಯ ಮೊಣಕೈಗಳಲ್ಲಿ ಕೂದಲು ಉದುರಿ, ಚರ್ಮ ಆನೆಯ ಚರ್ಮದ ಹಾಗೆ ಗಟ್ಟಿಯಾಗಿತ್ತು. ಎಲುಬಿಗೂ ನೆಲಕ್ಕೂ ನಡುವೆ ಮಾಂಸದ ಮೆತ್ತೆ ಇಲ್ಲವಲ್ಲ. ಅತ್ತೆ ನೋಡಿ, ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಕೌದಿ ತೆಗೆದು ಕೊಟ್ಟರು. ಎಂಟು ಹತ್ತು ಪದರ ಹಳೆ ಸೀರೆ ಸೇರಿಸಿ ಕೈಯಲ್ಲಿ ಹೊಲಿದದ್ದು. ಆ ರಾತ್ರಿಯೇ ಅವಳು ಅದನ್ನು ಕಾಲಿನಿಂದ ಕೆದರಿ, ಗುಂಡಗೆ ಗೂಡು ಮಾಡಿಕೊಂಡು, ಮೂಗನ್ನು ಬಾಲದ ಕೆಳಗೆ ಸಿಕ್ಕಿಸಿ ಮಲಗಿದಳು. ಮೊಣಕೈ ಎರಡು ತಿಂಗಳಲ್ಲಿ ಮೆತ್ತಗಾಯಿತು. ಡಿಸೆಂಬರ್ ಬಂದರೆ ಧಾರವಾಡದ ಚಳಿಗೆ ಅವಳ ಮೈ ತಡೆಯುವುದಿಲ್ಲ, ನಡುಗುತ್ತಾಳೆ. ಆಗ ಕೆಳಗೊಂದು ಕೌದಿ, ಮೇಲೊಂದು ಕೌದಿ.

ಹಳೆಯದು ಕೆದರಿ ಕೆದರಿ ಈಗ ಹರಿದಿದೆ. ಹೋದ ವಾರ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಯ ಹತ್ತಿರ ಹೋಗಿ, ಮೂರು ಅಡಿ ಉದ್ದ, ಮೂರು ಅಡಿ ಅಗಲ, ದಪ್ಪ ಇರಲಿ ಅಂದೆ.

"ಇಷ್ಟ ಸಣ್ಣದ? ಕೂಸಿಂದೇನವಾ?"

"ಅಲ್ಲ ಅಜ್ಜಿ, ಚಿಗರಿಗೆ."

ಅಜ್ಜಿ ಕನ್ನಡಕ ಮೇಲೆ ಮಾಡಿ ನೋಡಿದರು. ಚಿಗರಿ ಬಾಗಿಲ ಹೊರಗೆ, ಹಗ್ಗದ ಉದ್ದ ಇರುವಷ್ಟು ದೂರ, ನಿಂತಿದ್ದಳು. ಅಜ್ಜಿ ಕರೆಯಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು, "ಹಂಗಾರ ನೂಲಿನ ಸೀರೀನ ತಾ. ಪತ್ತಲ ಇದ್ರ ಇನ್ನೂ ಚಲೋ. ಪಾಲಿಸ್ಟರ್ ಬ್ಯಾಡ, ಅದರ ಉಗುರು ಸಿಗತದ."

ನಾಳೆ ಎರಡು ಸೀರೆ ಕೊಟ್ಟು ಬರಬೇಕು.